ಬೈಬಲ್‌ನಲ್ಲಿ ನಾಲ್ಕು ಲಕ್ಷ ವ್ಯತ್ಯಾಸಗಳಿವೆಯಂತೆ, ನಿಜಾನಾ?

ಪುಣೆಯಿಂದ ಮಾತಾಡ್ತಾ ಇದ್ದೀನಿ. ಹೋದ ವಿಡಿಯೋ ಆದ ಮೇಲೆ ಹೈದರಾಬಾದ್‌ನಿಂದ ಒಬ್ಬರು, ಚೆನ್ನೈಯಿಂದ ಇಬ್ಬರು ಹೆಚ್ಚು ಕಡಿಮೆ ಒಂದೇ ಪ್ರಶ್ನೆ ಕಳಿಸಿದ್ದರು. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಹೇಳಿದರಂತೆ: ಬೈಬಲ್ ಅಂದ್ರೆ ಕಾಪಿಯ ಕಾಪಿಯ ಕಾಪಿ, ಮೂಲ ಯಾರ ಹತ್ರಾನೂ ಇಲ್ಲ, ಇರೋ ಕಾಪಿಗಳಲ್ಲಿ ನಾಲ್ಕು ಲಕ್ಷ ವ್ಯತ್ಯಾಸ ಇದೆ, ಅದನ್ನು ನಂಬ್ತೀರಲ್ಲಾ ಅಂತ. ಇವರಿಗೆ ಏನು ಹೇಳಬೇಕೋ ತಿಳೀಲಿಲ್ಲ. ಒಬ್ಬರು ಬರೆದಿದ್ದಾರೆ, "ಸುಮ್ಮನೆ ಅನ್ನ ಕಲಸಿಕೊಂಡು ಕೂತೆ ಬ್ರದರ್."

ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಎಂ.ಟೆಕ್ ಮುಗಿಸಿ ಹನ್ನೆರಡು ವರ್ಷದಿಂದ ಮಾಡ್ತಿರೋದು ಡೇಟಾ ಮೈಗ್ರೇಷನ್ ಕೆಲಸ. ಹಳೆ ಸಿಸ್ಟಮ್‌ನಲ್ಲಿದ್ದ ದಾಖಲೆಗಳನ್ನು ಹೊಸ ಸಿಸ್ಟಮ್‌ಗೆ ಸಾಗಿಸೋದು, ಸಾಗಿಸುವಾಗ ಏನು ಬಿಟ್ಟುಹೋಯ್ತು, ಏನು ಎರಡು ಸಲ ಬಂತು, ಯಾರು ಮಧ್ಯದಲ್ಲಿ ಕೈ ಹಾಕಿದರು ಅಂತ ಹುಡುಕೋದು. ಹಾಗಾಗಿ ಈ ಪ್ರಶ್ನೆ ನನಗೆ ಭಕ್ತಿಯ ಪ್ರಶ್ನೆ ಹೌದು, ಜೊತೆಗೆ ದಿನಾ ಮಾಡುವ ಕೆಲಸದ ಪ್ರಶ್ನೆಯೂ ಹೌದು. ಆದರೆ ಉತ್ತರಕ್ಕೆ ಹೋಗೋ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು.

2012ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಂದು ಚರ್ಚೆ ನಡೀತು. ಒಂದು ಕಡೆ ಬಾರ್ಟ್ ಎರ್ಮನ್, ಬೈಬಲ್ ಹಸ್ತಪ್ರತಿಗಳ ದೊಡ್ಡ ವಿದ್ವಾಂಸ, ಈಗ ನಂಬಿಕೆ ಬಿಟ್ಟವರು. ಇನ್ನೊಂದು ಕಡೆ ಡೇನಿಯಲ್ ವಾಲೆಸ್, ಅವರೂ ಹಸ್ತಪ್ರತಿ ವಿದ್ವಾಂಸರೇ, ನಂಬಿಕೆ ಉಳ್ಳವರು. ಅವತ್ತು ವಾಲೆಸ್ ಒಂದು ಸುದ್ದಿ ಹೇಳಿದರು: ಮಾರ್ಕನ ಸುವಾರ್ತೆಯ ಒಂದು ತುಂಡು ಸಿಕ್ಕಿದೆ, ಅದು ಒಂದನೇ ಶತಮಾನದ್ದು, ಸದ್ಯದಲ್ಲೇ ಪ್ರಕಟವಾಗ್ತದೆ. ಕೇಳಿ ನನಗೆ ನಿದ್ದೆ ಬರಲಿಲ್ಲ. ಒಂದನೇ ಶತಮಾನ ಅಂದ್ರೆ ಮಾರ್ಕನ ಸುವಾರ್ತೆ ಬರೆದ ಶತಮಾನವೇ! ಮುಂದಿನ ವರ್ಷ ಕ್ರಿಸ್ಮಸ್ ರಜೆಗೆ ಊರಿಗೆ, ಗದಗಿನ ಕಡೆ, ಹೋದಾಗ ಯೂತ್ ಮೀಟಿಂಗ್‌ನಲ್ಲಿ ಇದನ್ನೇ ಪ್ರೊಜೆಕ್ಟರ್ ಹಾಕಿ ಹೇಳಿದೆ. "ಸಿಕ್ಕಿದೆಯಂತೆ" ಅನ್ನಲಿಲ್ಲ, "ಸಿಕ್ಕಿದೆ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಪಿಯುಸಿ ಓದ್ತಿದ್ದ ನನ್ನ ತಮ್ಮ ಕೂತಿದ್ದ.

2018ರಲ್ಲಿ ಆ ತುಂಡು ಪ್ರಕಟವಾಯ್ತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೇ ಊರಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ರಾಶಿಯಲ್ಲಿತ್ತು, ಸಂಖ್ಯೆ 5345. ಅಂಗೈಗಿಂತ ಚಿಕ್ಕದು. ಕಾಲ? ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಒಂದನೇ ಶತಮಾನದ್ದಲ್ಲ. ವಾಲೆಸ್ ಬಹಿರಂಗವಾಗಿ ಕ್ಷಮೆ ಕೇಳಿದರು, ಅದು ಅವರ ದೊಡ್ಡತನ. ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ನಮ್ಮೂರ ಹುಡುಗರು ಇದನ್ನೆಲ್ಲ ಯಾಕೆ ನೋಡ್ತಾರೆ ಅಂದುಕೊಂಡು ಸುಮ್ಮನಾದೆ.

ತಮ್ಮ ನೋಡಿದ್ದ. ಆಗ ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಒಂದು ರಾತ್ರಿ ಫೋನ್ ಮಾಡಿ, "ಅಣ್ಣಾ, ನೀ ಅವತ್ತ ಹೇಳಿದ್ದೆಲ್ಲಾ, ಆ ಮಾರ್ಕನ ತುಂಡು, ಅದು ಏನಾತು?" ಅಂದ. ನಾನು ಏನೇನೋ ಸಮಜಾಯಿಷಿ ಹೇಳಿದೆ. ಅವನು ಜಗಳ ಆಡಲಿಲ್ಲ. "ಇದೊಂದು ಹಿಂಗಾದ್ರ ಉಳಿದದ್ದು ಹೆಂಗ ನಂಬ್ಲಿ?" ಅಂತ ಕೇಳಿ ಇಟ್ಟುಬಿಟ್ಟ. ಆಮೇಲೆ ಎರ್ಮನ್ ಪುಸ್ತಕ ಓದಿದ, ಚರ್ಚಿಗೆ ಹೋಗೋದು ಬಿಟ್ಟ. ಇವತ್ತಿಗೂ ಭಾನುವಾರ ಸಂಜೆ ಅವ್ವ ಫೋನ್ ಮಾಡಿದರೆ ಮೊದಲು ಕೇಳೋದು ಅವನ ವಿಷಯಾನೇ.

ಆಮೇಲೇ ನಾನು ಈ ವಿಷಯವನ್ನು ನೆಟ್ಟಗೆ ಓದಿದ್ದು. ವಾಟ್ಸಾಪ್ ಫಾರ್ವರ್ಡ್ ಬಿಟ್ಟು, ಎರ್ಮನ್‌ನಿಂದಲೇ ಶುರು ಮಾಡಿ.

ಮೊದಲು ಆ ನಾಲ್ಕು ಲಕ್ಷ. ಈ ಸಂಖ್ಯೆ ಜನರ ಬಾಯಿಗೆ ಬಂದಿದ್ದು 2005ರಲ್ಲಿ ಎರ್ಮನ್ ಬರೆದ 'ಮಿಸ್‌ಕೋಟಿಂಗ್ ಜೀಸಸ್' ಪುಸ್ತಕದಿಂದ. ಸಂಖ್ಯೆ ಸುಳ್ಳು ಅಂತ ವಾದ ಮಾಡೋಕೆ ಹೋಗಬೇಡಿ, ಸುಳ್ಳಲ್ಲ. 2016ರಲ್ಲಿ ಪೀಟರ್ ಗರ್ರಿ ಎಂಬ ವಿದ್ವಾಂಸರು, ಅವರು ನಂಬಿಕೆ ಉಳ್ಳವರೇ, ಮತ್ತೆ ಲೆಕ್ಕ ಹಾಕಿ, ಬರೀ ಕಾಗುಣಿತದ ವ್ಯತ್ಯಾಸ ಬಿಟ್ಟರೂ ಐದು ಲಕ್ಷದ ಹತ್ತಿರ ಆಗ್ತದೆ ಅಂದಿದ್ದಾರೆ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿರೋ ಪದಗಳೇ ಸುಮಾರು 1,38,000. ಅಂದ್ರೆ ಪದಗಳಿಗಿಂತ ವ್ಯತ್ಯಾಸಗಳೇ ಜಾಸ್ತಿ. ಮೊದಲ ಸಲ ಕೇಳಿದಾಗ ಎದೆ ಧಸಕ್ ಅನ್ನೋದು ಸಹಜ.

ಈಗ ನಮ್ಮ ಕೆಲಸದ ಕಣ್ಣಿನಿಂದ ನೋಡಿ. ಒಂದು ಫೈಲಿನ ಒಂದೇ ಕಾಪಿ ಉಳಿದಿದೆ ಅಂದುಕೊಳ್ಳಿ. ಡಿಫ್ ಎಷ್ಟು ಬರ್ತದೆ? ಸೊನ್ನೆ. ಹೋಲಿಸೋಕೆ ಇನ್ನೊಂದಿಲ್ಲವಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್‌ನ 'ಆನಲ್ಸ್' ಗ್ರಂಥದ ಕೊನೆಯ ಭಾಗ, ಅಂದ್ರೆ ನೀರೋ ಕಾಲದ ಬೆಂಕಿ ಮತ್ತು ಕ್ರೈಸ್ತರ ಹಿಂಸೆಯ ಪ್ರಸ್ತಾಪ ಇರುವ ಭಾಗ, ನಮಗೆ ಬಂದಿರೋದು ಹನ್ನೊಂದನೇ ಶತಮಾನದ ಒಂದೇ ಒಂದು ಹಸ್ತಪ್ರತಿಯಿಂದ. ಅಲ್ಲಿ ವ್ಯತ್ಯಾಸದ ಗೋಳೇ ಇಲ್ಲ. ಹಾಗಂತ ಅದರಲ್ಲಿ ತಪ್ಪಿಲ್ಲ ಅಂತ ಅಲ್ಲ, ತಪ್ಪಿದ್ದರೆ ಹಿಡಿಯೋ ದಾರಿ ಇಲ್ಲ ಅಂತ. ಹೊಸ ಒಡಂಬಡಿಕೆಗೆ ಪಟ್ಟಿಗೆ ಸೇರಿರುವ ಗ್ರೀಕ್ ಹಸ್ತಪ್ರತಿಗಳೇ ಐದು ಸಾವಿರಕ್ಕೂ ಹೆಚ್ಚು. ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್ ಅನುವಾದಗಳ ಪ್ರತಿಗಳು ಬೇರೆ. ಕೈಬರಹದ ಐದು ಸಾವಿರ ಕಾಪಿಗಳನ್ನು ಒಂದರ ಪಕ್ಕ ಒಂದಿಟ್ಟು ಡಿಫ್ ತೆಗೆದರೆ ಲಕ್ಷಗಟ್ಟಲೆ ಸಾಲು ಬರದೆ ಇನ್ನೇನಾಗ್ತದೆ?

ಇಲ್ಲೇ ನಮ್ಮ ಕಡೆಯವರು ಒಂದು ತಪ್ಪು ಮಾಡ್ತಾರೆ. ಐದು ಸಾವಿರ ಪ್ರತಿ ಇವೆ, ಆದ್ದರಿಂದ ಬೈಬಲ್ ಸತ್ಯ ಅಂತ ಹೇಳಿಬಿಡ್ತಾರೆ. ಹಾಗೆ ಹೇಳಬೇಡಿ. ಆ ಪ್ರತಿಗಳಲ್ಲಿ ಬಹುಪಾಲು ಒಂಬತ್ತನೇ ಶತಮಾನದ ಈಚೆಯವು. ಎಷ್ಟೋ ಬರೀ ತುಂಡುಗಳು. ಅದೂ ಅಲ್ಲದೆ, ಒಂದು ಪತ್ರವನ್ನು ಎಷ್ಟು ಸಲ ಜೆರಾಕ್ಸ್ ಮಾಡಿದರೂ ಪತ್ರದಲ್ಲಿ ಬರೆದದ್ದು ನಿಜ ಅಂತ ಆಗೋದಿಲ್ಲ. ಪ್ರತಿಗಳ ಸಂಖ್ಯೆ ಒಂದೇ ಪ್ರಶ್ನೆಗೆ ಉತ್ತರ ಕೊಡ್ತದೆ: ಬರೆದವರು ಬರೆದದ್ದು ನಮ್ಮ ಕೈಗೆ ಬಂದಿದೆಯಾ? ಬರೆದದ್ದು ನಿಜವಾ ಅನ್ನೋದು ಬೇರೆ ಟಿಕೆಟ್. ಅದಕ್ಕೆ ಆಮೇಲೆ ಬರ್ತೀನಿ.

ವ್ಯತ್ಯಾಸಗಳು ಎಂಥವು? ಬಹಳಷ್ಟು ಅರ್ಥವೇ ಇಲ್ಲದ ಬರವಣಿಗೆ ತಪ್ಪು. ಕೆಲವು ಕಿವಿಯ ತಪ್ಪು: ಗ್ರೀಕ್‌ನಲ್ಲಿ 'ನಾವು', 'ನೀವು' ಅನ್ನೋ ಪದಗಳ ಉಚ್ಚಾರ ಕಾಲಕ್ರಮೇಣ ಒಂದೇ ಆಗಿಹೋಯ್ತು, ಆದ್ದರಿಂದ ಒಂದು ಪ್ರತಿಯಲ್ಲಿ 'ನಮ್ಮ ಸಂತೋಷ', ಇನ್ನೊಂದರಲ್ಲಿ 'ನಿಮ್ಮ ಸಂತೋಷ'. ಕೆಲವು ಕಣ್ಣಿನ ತಪ್ಪು: ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನದ್ದು ಬಿಟ್ಟುಹೋಗ್ತದೆ. ಲಾಗ್ ಫೈಲ್ ಕೈಯಲ್ಲಿ ಕಾಪಿ ಮಾಡಿದವರಿಗೆ ಇದು ಗೊತ್ತು.

ಇನ್ನೊಂದು ಬಗೆ ನನಗೆ ಬಹಳ ಇಷ್ಟ, ಯಾಕಂದ್ರೆ ಅದರಲ್ಲಿ ಬರೆಯುವವನ ಮನಸ್ಸು ಕಾಣ್ತದೆ. ಕರ್ತನ ಪ್ರಾರ್ಥನೆ ಮತ್ತಾಯನಲ್ಲಿ ಉದ್ದ, ಲೂಕನಲ್ಲಿ ಗಿಡ್ಡ. ಹಳೇ ಪ್ರತಿಗಳಲ್ಲಿ ಲೂಕನದು ಗಿಡ್ಡವಾಗೇ ಇದೆ. ಆದರೆ ಪ್ರತಿ ಮಾಡುವವನು ದಿನಾ ಬಾಯಿಪಾಠ ಹೇಳೋದು ಮತ್ತಾಯನದ್ದು. ಲೂಕನದನ್ನು ಬರೆಯುವಾಗ ಕೈ ತಾನಾಗೇ ಉದ್ದದ್ದನ್ನೇ ಬರೆದುಬಿಡ್ತದೆ. ಮತ್ತಾಯನ ಪ್ರಾರ್ಥನೆಯ ಕೊನೆಗೆ ನಾವು ರಾಜ್ಯವೂ ಬಲವೂ ಮಹಿಮೆಯೂ ನಿನ್ನವು ಎಂಬ ಅರ್ಥದ ಮಾತು ಸೇರಿಸ್ತೀವಲ್ಲ, ಅದೂ ಬಹಳ ಹಳೇ ಪ್ರತಿಗಳಲ್ಲಿ ಇಲ್ಲ. ಆರಾಧನೆಯಲ್ಲಿ ಹೇಳುತ್ತಿದ್ದದ್ದು ಪುಟಕ್ಕೆ ಇಳಿದಿರಬೇಕು. ಪಿತೂರಿ ಮಾಡಿದವರ ಕೈಚಳಕ ಇದರಲ್ಲಿ ನನಗೆ ಕಾಣೋದಿಲ್ಲ, ಕಾಣೋದು ಅಭ್ಯಾಸಬಲ. ಹೇಗೆ ಗೊತ್ತಾಯ್ತು ಅಂದ್ರೆ, ಸೇರಿಸದ ಪ್ರತಿಗಳೂ ಉಳಿದಿವೆ, ಅದಕ್ಕೇ.

ಇದು ಬೈಬಲ್‌ಗೆ ಮಾತ್ರ ಬಂದ ಕಷ್ಟ ಅಂದುಕೊಳ್ಳಬೇಡಿ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ಭಂಡಾರ್ಕರ್ ಸಂಸ್ಥೆ ಇದೆ. 1919ರಲ್ಲಿ ಶುರು ಮಾಡಿ 1966ರವರೆಗೆ, ಸುಕ್ತಂಕರ್ ಮತ್ತು ಅವರ ನಂತರದವರು, ದೇಶದ ಮೂಲೆಮೂಲೆಯ ಹಸ್ತಪ್ರತಿ ತರಿಸಿ ಮಹಾಭಾರತದ ಪರಿಷ್ಕೃತ ಆವೃತ್ತಿ ತಂದರು. ವ್ಯಾಸರು ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಆ ಆವೃತ್ತಿಯಲ್ಲಿ ಅದು ಮೂಲ ಪಾಠದಲ್ಲಿಲ್ಲ, ಅನುಬಂಧದಲ್ಲಿದೆ. ಕನ್ನಡದಲ್ಲೂ ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥ ಸಂಪಾದನೆ' ಅಂತ ಇದಕ್ಕೇ ಒಂದು ಪುಸ್ತಕ ಬರೆದಿದ್ದಾರೆ. ಪಾಠಾಂತರ ಅನ್ನೋ ಪದ ನಮ್ಮ ಹಳಗನ್ನಡ ಮೇಷ್ಟ್ರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ? ಅವರು ಪಾಠಾಂತರ ಅಂದಾಗ ನಾವ್ಯಾರೂ ಪಂಪಭಾರತ ಹಾಳಾಗಿಹೋಗಿದೆ ಅಂತ ಎದ್ದು ಬರಲಿಲ್ಲ.

ಸರಿ, ಈಗ ಕಷ್ಟದ ಜಾಗಕ್ಕೆ ಬರೋಣ. ಸಣ್ಣಪುಟ್ಟದ್ದು ಹೇಳಿ ದೊಡ್ಡದನ್ನು ಮುಚ್ಚಿಟ್ಟರೆ ನಾನು 2013ರ ಕೆಲಸವನ್ನೇ ಮತ್ತೆ ಮಾಡಿದಂತೆ. ಹೊಸ ಒಡಂಬಡಿಕೆಯಲ್ಲಿ ಹನ್ನೆರಡು ವಚನದಷ್ಟು ಉದ್ದದ ಎರಡು ಭಾಗಗಳು ಮೂಲದಲ್ಲಿ ಇರಲಿಲ್ಲ ಅಂತ ಬಹುಪಾಲು ವಿದ್ವಾಂಸರು, ನಂಬಿಕೆ ಉಳ್ಳವರೂ ಸೇರಿ, ಒಪ್ತಾರೆ.

ಒಂದು, ಮಾರ್ಕನ ಕೊನೆ, 16ನೇ ಅಧ್ಯಾಯದ 9ರಿಂದ 20. ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳು, ಸೈನಾಯ್ಟಿಕಸ್ ಮತ್ತು ವ್ಯಾಟಿಕನಸ್, ಎರಡರಲ್ಲೂ ಅದಿಲ್ಲ. ಅಲ್ಲಿ ಹೆಂಗಸರು ಖಾಲಿ ಸಮಾಧಿ ಕಂಡು, ಆತ ಎದ್ದಿದ್ದಾನೆ ಅನ್ನೋ ಮಾತು ಕೇಳಿ, ಹೆದರಿ ಓಡಿಹೋಗುವಲ್ಲಿಗೆ ಕಥೆ ನಿಲ್ತದೆ. ಸೈನಾಯ್ಟಿಕಸ್ 2009ರಿಂದ ಪೂರ್ತಿಯಾಗಿ ಇಂಟರ್ನೆಟ್‌ನಲ್ಲಿದೆ, ಆ ಪುಟವನ್ನು ನೀವೇ ತೆರೆದು ನೋಡಬಹುದು. ನಾನು ರಾತ್ರಿ ಒಂದು ಗಂಟೆಗೆ ಹಿಂಜವಡಿಯ ಬಾಡಿಗೆ ಮನೆಯಲ್ಲಿ ಕೂತು ನೋಡಿದೆ. ಆ ಅಕ್ಷರಗಳು ಮುಗಿದು ಖಾಲಿ ಬಿಟ್ಟ ಜಾಗ ನೋಡಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಎರಡು, ಯೋಹಾನನಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ, 7ನೇ ಅಧ್ಯಾಯದ 53ರಿಂದ 8ರ 11. ಪಪೈರಸ್ 66, ಪಪೈರಸ್ 75 ಅನ್ನೋ ತೀರಾ ಹಳೇ ಪ್ರತಿಗಳಲ್ಲಿ ಇಲ್ಲ, ಮೇಲೆ ಹೇಳಿದ ಎರಡರಲ್ಲೂ ಇಲ್ಲ. ಐದನೇ ಶತಮಾನದ ಬೆಜೆ ಎಂಬ ಪ್ರತಿಯಲ್ಲಿ ಇದೆ. ಮುಂದಿನ ಕೆಲವು ಪ್ರತಿಗಳಲ್ಲಂತೂ ಇದು ಲೂಕನ 21ನೇ ಅಧ್ಯಾಯದ ಕೊನೆಗೆ ಹೋಗಿ ಕೂತಿದೆ. ಯಾವ ಬ್ರಾಂಚಿಗೆ ಮರ್ಜ್ ಮಾಡಬೇಕೋ ತಿಳಿಯದೆ ಅಲೆದಾಡಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಯೇಸುವಿನ ಬಗ್ಗೆ ಜನ ಹೇಳಿಕೊಂಡು ಬಂದ ಹಳೇ ನೆನಪೊಂದು ಇದು, ಬಹುಶಃ ನಿಜವಾದದ್ದೇ, ಆದರೆ ಯೋಹಾನ ಬರೆದದ್ದಲ್ಲ. ಇದನ್ನು ಅವ್ವಗೆ ಹೇಳಿದ ದಿನ ಅವಳು ರೊಟ್ಟಿ ಬಡಿಯೋದು ನಿಲ್ಲಿಸಿ, "ಅದನ್ನ ತಗದ್ರ ಹೆಂಗೋ ಯಪ್ಪಾ, ಅದನ್ನ ಕೇಳೇ ನಾ ಎಷ್ಟ ಸರ್ತಿ ಅತ್ತೇನಿ" ಅಂದಳು. ತೆಗೆಯೋದಿಲ್ಲ ಅವ್ವ, ಪಕ್ಕದಲ್ಲಿ ಒಂದು ಗುರುತು ಹಾಕ್ತಾರೆ ಅಷ್ಟೆ, ಅಂದೆ. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ಮೂರನೆಯದು ಚಿಕ್ಕದು ಆದರೆ ಹೆಸರುವಾಸಿ. ಯೋಹಾನನ ಮೊದಲನೆಯ ಪತ್ರಿಕೆ 5ರ 7ರಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಮೂವರೂ ಒಂದೇ ಎಂಬ ಮಾತು. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗ ಅದನ್ನು ಹಾಕಲಿಲ್ಲ, ಗ್ರೀಕ್ ಪ್ರತಿಗಳಲ್ಲಿ ಅವನಿಗೆ ಸಿಕ್ಕಿರಲಿಲ್ಲ. ಗಲಾಟೆ ಆಯ್ತು. 1522ರ ಮೂರನೇ ಮುದ್ರಣದಲ್ಲಿ ಸೇರಿಸಿದ. ಹಾಗೆ ಅದು 1611ರ ಕಿಂಗ್ ಜೇಮ್ಸ್ ಬೈಬಲ್‌ಗೂ ಬಂತು. ಇವತ್ತಿನ ಬಹುಪಾಲು ಅನುವಾದಗಳು ಅದನ್ನು ಬಿಟ್ಟಿವೆ. ತ್ರಿಯೇಕತ್ವ ಇದರ ಮೇಲೆ ನಿಂತಿದೆ ಅನ್ನೋರಿಗೆ ಹೇಳಿ: 325ರ ನಿಕಾಯ ಸಭೆಯೂ 381ರ ಕಾನ್ಸ್ಟಾಂಟಿನೋಪಲ್ ಸಭೆಯೂ ಈ ವಾಕ್ಯದ ಆಸರೆಯಿಲ್ಲದೆ ತಮ್ಮ ಮಾತು ಹೇಳಿದವು.

ಹೀಗೆ ಎಣಿಸಿ ನೋಡಿದರೆ ಕ್ರೈಸ್ತ ನಂಬಿಕೆಯ ಮುಖ್ಯ ವಿಷಯ ಯಾವುದೂ ಪಾಠಾಂತರದಿಂದ ಬಿದ್ದುಹೋಗೋದಿಲ್ಲ. ಇದನ್ನು ಎರ್ಮನ್ ಅವರೇ ತಮ್ಮ ಪುಸ್ತಕದ ಮುಂದಿನ ಮುದ್ರಣದ ಕೊನೆಗೆ ಒಪ್ಪಿಕೊಂಡಿದ್ದಾರೆ. ಅವರ ಗುರು ಬ್ರೂಸ್ ಮೆಟ್ಸ್‌ಗರ್, ಆ ಪುಸ್ತಕವನ್ನು ಅರ್ಪಿಸಿರೋದೂ ಅವರಿಗೇ, ಇದೇ ಪಾಠಾಂತರಗಳನ್ನು ಜೀವಮಾನವಿಡೀ ಓದಿ ನಂಬಿಕೆಯಲ್ಲೇ ಉಳಿದವರು. ಒಂದೇ ಡೇಟಾ, ಗುರುವಿನ ತೀರ್ಮಾನ ಒಂದು, ಶಿಷ್ಯನ ತೀರ್ಮಾನ ಇನ್ನೊಂದು.

ಆದರೆ ಎರ್ಮನ್ ಅವರ ನಿಜವಾದ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮುಟ್ಟೋದೇ ಇಲ್ಲ. ದೇವರು ಪದಪದವನ್ನೂ ಪ್ರೇರೇಪಿಸಿ ಕೊಟ್ಟಿದ್ದರೆ, ಅದೇ ಪದಗಳನ್ನು ಯಾಕೆ ಕಾಪಾಡಲಿಲ್ಲ? ನನ್ನ ತಮ್ಮ ಕೇಳಿದ್ದೂ ಇದನ್ನೇ. ಇದಕ್ಕೆ ನನ್ನ ಹತ್ರ ಬಾಯಿ ಮುಚ್ಚಿಸುವ ಉತ್ತರ ಇಲ್ಲ. ನಾನು ಕಂಡುಕೊಂಡದ್ದು ಇಷ್ಟು. ಬೈಬಲ್ ಅಂದ್ರೆ ಮೇಲಿನಿಂದ ಸಹಿ ಹಾಕಿ ಲಾಕ್ ಮಾಡಿ ಬಂದ ಪಿಡಿಎಫ್ ಅಂತ ನಾನೇ ಕಲ್ಪಿಸಿಕೊಂಡಿದ್ದೆ. ಬೈಬಲ್ ತನ್ನ ಬಗ್ಗೆ ಹಾಗೆ ಎಲ್ಲೂ ಹೇಳಿಕೊಂಡಿಲ್ಲ. ಲೂಕ ತನ್ನ ಪುಸ್ತಕದ ಆರಂಭದಲ್ಲೇ, ಬೇರೆಯವರೂ ಬರೆದಿದ್ದಾರೆ, ನಾನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಹೇಳ್ತಾನೆ. ಪೌಲ ಒಂದು ಕಡೆ ಯಾರಿಗೆ ದೀಕ್ಷಾಸ್ನಾನ ಕೊಟ್ಟೆ ಅಂತ ಎಣಿಸ್ತಾ ಎಣಿಸ್ತಾ ಇನ್ನು ನೆನಪಿಲ್ಲ ಅಂದುಬಿಡ್ತಾನೆ. ಆ ಪತ್ರಗಳು ಊರಿಂದೂರಿಗೆ ಜನರ ಕೈಯಲ್ಲೇ ಹೋದವು. ಮೊದಲ ಮುನ್ನೂರು ವರ್ಷ ಅವರ ಹಿಂದೆ ಸರ್ಕಾರ ಇರಲಿಲ್ಲ, ಎಲ್ಲರ ಪ್ರತಿಯನ್ನೂ ತರಿಸಿ ಸರಿಪಡಿಸಿ ಉಳಿದದ್ದನ್ನು ಸುಡುವ ಅಧಿಕಾರ ಯಾರಿಗೂ ಇರಲಿಲ್ಲ. ಅಡ್ಮಿನ್ ಇಲ್ಲದ ರೆಪೊ ಅನ್ನಿ. ಅದಕ್ಕೇ ಅಷ್ಟೊಂದು ತಪ್ಪು, ಅದಕ್ಕೇ ಆ ತಪ್ಪುಗಳನ್ನು ಮುಚ್ಚಿಡೋಕೂ ಆಗಲಿಲ್ಲ. ಈಜಿಪ್ಟಿನಲ್ಲಿ ಯಾರೋ ಒಬ್ಬ ಒಂದು ವಾಕ್ಯ ಬದಲಿಸಿದರೆ ಸಿರಿಯಾದ ಪ್ರತಿಗೆ ಅವನ ಕೈ ಮುಟ್ಟೋದಿಲ್ಲ.

ಹಳೆಯ ಒಡಂಬಡಿಕೆಗೆ ಎರಡೇ ಮಾತು. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಯೆಶಾಯನ ಸುರುಳಿ ನಿಮಗೆ ಗೊತ್ತಿರಬಹುದು. ಏಳು ಮೀಟರಿಗಿಂತ ಉದ್ದ, ಕ್ರಿಸ್ತಪೂರ್ವ ಎರಡನೇ ಶತಮಾನದ್ದು. ಅಲ್ಲಿಯವರೆಗೆ ನಮಗಿದ್ದ ಯೆಶಾಯನ ಪೂರ್ತಿ ಇಬ್ರಿಯ ಪ್ರತಿಗಳಿಗಿಂತ ಸಾವಿರ ವರ್ಷ ಹಳೆಯದು. ಒಂದಕ್ಷರವೂ ಬದಲಾಗಿರಲಿಲ್ಲ ಅಂತ ನಮ್ಮ ಸಭೆಗಳಲ್ಲಿ ಹೇಳ್ತಾರೆ. ತಪ್ಪು. 2,600ಕ್ಕೂ ಹೆಚ್ಚು ವ್ಯತ್ಯಾಸ ಇವೆ, ಬಹುಪಾಲು ಕಾಗುಣಿತದ್ದು. ಕೆಲವು ಕಡೆ ಸುರುಳಿಯದ್ದೇ ಮೇಲು. 53ನೇ ಅಧ್ಯಾಯದ 11ರಲ್ಲಿ 'ಬೆಳಕು' ಅನ್ನೋ ಪದ ಸುರುಳಿಯಲ್ಲಿದೆ, ಮುಂದಿನ ಇಬ್ರಿಯ ಪ್ರತಿಗಳಲ್ಲಿ ಬಿಟ್ಟುಹೋಗಿದೆ. ಹಾಗಿದ್ದೂ ಪುಸ್ತಕ ಅದೇ ಪುಸ್ತಕ, ಸಾವಿರ ವರ್ಷದ ಮೇಲೂ. ಆದರೆ ಎಲ್ಲಾ ಪುಸ್ತಕವೂ ಹೀಗಲ್ಲ. ಯೆರೆಮೀಯನ ಗ್ರೀಕ್ ಅನುವಾದ ಇಬ್ರಿಯಕ್ಕಿಂತ ಸುಮಾರು ಎಂಟನೇ ಒಂದು ಭಾಗ ಕಡಿಮೆ ಇದೆ, ಮತ್ತು ಆ ಗಿಡ್ಡ ರೂಪಕ್ಕೆ ಹೊಂದುವ ಇಬ್ರಿಯ ತುಂಡೂ ಅದೇ ಕುಮ್ರಾನ್‌ನಲ್ಲಿ ಸಿಕ್ಕಿದೆ. ಎರಡು ಆವೃತ್ತಿ ಒಟ್ಟಿಗೇ ಚಲಾವಣೆಯಲ್ಲಿದ್ದವು. ಯೆಶಾಯನನ್ನು ತೋರಿಸೋರು ಯೆರೆಮೀಯನನ್ನೂ ತೋರಿಸಬೇಕು.

ಇನ್ನೊಂದು ಚಿಕ್ಕ ವಿಷಯ. ಕನ್ನಡ ಬೈಬಲ್ ಅನುವಾದದ ಅನುವಾದದ ಅನುವಾದ ಅಂತಾನೂ ಕೆಲವರು ಹೇಳ್ತಾರೆ. ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪೂರ್ಣ ಕನ್ನಡ ಬೈಬಲ್ ಬಳ್ಳಾರಿಯಲ್ಲಿ 1831ರಲ್ಲಿ ಅಚ್ಚಾಯ್ತು, ಆಮೇಲೆ ಎಷ್ಟೋ ಸಲ ಪರಿಷ್ಕರಣೆ ಆಗಿದೆ. ಇವತ್ತಿನ ಅನುವಾದಕರು ಗ್ರೀಕ್, ಇಬ್ರಿಯ ಪಾಠವನ್ನೇ ಎದುರಿಗಿಟ್ಟುಕೊಂಡು ಕೂರ್ತಾರೆ. ಇಪ್ಪತ್ತು ಭಾಷೆ ದಾಟಿ ಬಂದ ಪಿಸುಮಾತಿನ ಆಟ ಅಲ್ಲ ಇದು.

ಈಗ ಆ ಬೇರೆ ಟಿಕೆಟ್. ಬರೆದದ್ದು ನಮಗೆ ಬಂದಿದೆ ಅಂತಲೇ ಇಟ್ಟುಕೊಳ್ಳೋಣ, ಬರೆದದ್ದು ನಿಜವಾ?

ಇಲ್ಲಿ ನಾನು ಎಲ್ಲವನ್ನೂ ಸಾಬೀತು ಮಾಡ್ತೀನಿ ಅನ್ನೋದಿಲ್ಲ. ಒಂದೇ ಒಂದು ಜಾಗ ತೋರಿಸ್ತೀನಿ, ನನ್ನ ಕಾಲು ಗಟ್ಟಿಯಾಗಿ ನಿಂತ ಜಾಗ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 15ನೇ ಅಧ್ಯಾಯ. ಕ್ರಿಸ್ತ ಸತ್ತ, ಹೂಣಲ್ಪಟ್ಟ, ಎದ್ದ, ಪೇತ್ರನಿಗೆ ಕಾಣಿಸಿಕೊಂಡ, ಆಮೇಲೆ ಹನ್ನೆರಡು ಮಂದಿಗೆ, ಐನೂರಕ್ಕೂ ಹೆಚ್ಚು ಜನರಿಗೆ, ಯಾಕೋಬನಿಗೆ, ಅಂತ ಪೌಲ ಪಟ್ಟಿ ಕೊಡ್ತಾನೆ. ಇದು ನನ್ನ ಮಾತಲ್ಲ, ನನಗೆ ಒಪ್ಪಿಸಿದ್ದನ್ನು ನಿಮಗೆ ಒಪ್ಪಿಸಿದೆ ಅನ್ನೋ ಧಾಟಿಯಲ್ಲಿ.

ಈ ಪತ್ರದ ಕಾಲ ಹೇಗೆ ಗೊತ್ತು? ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನನ್ನು ಕೊರಿಂಥದಲ್ಲಿ ಗಲ್ಲಿಯೋನ ಎಂಬ ರೋಮನ್ ಅಧಿಕಾರಿಯ ಮುಂದೆ ಎಳೆದುಕೊಂಡು ಹೋಗ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಗಲ್ಲಿಯೋನನ ಹೆಸರಿರುವ ಕ್ಲಾಡಿಯಸ್ ಚಕ್ರವರ್ತಿಯ ಶಾಸನ ಸಿಕ್ಕಿದೆ. ಅದರಿಂದ ಗಲ್ಲಿಯೋನ ಅಲ್ಲಿ ಇದ್ದದ್ದು ಕ್ರಿ.ಶ. 51-52ರ ಸುಮಾರಿಗೆ ಅಂತ ತಿಳೀತದೆ. ಪತ್ರ ಅದಾದ ಕೆಲವೇ ವರ್ಷಕ್ಕೆ, 53-55ರ ಆಸುಪಾಸು. ಯೇಸುವಿನ ಮರಣ 30 ಅಥವಾ 33. ಅಂದ್ರೆ ಇಪ್ಪತ್ತು, ಇಪ್ಪತ್ತೈದು ವರ್ಷದ ಅಂತರ. ಪೌಲ ಅಷ್ಟೊತ್ತಿಗೆ ಪೇತ್ರನನ್ನೂ ಯೇಸುವಿನ ತಮ್ಮ ಯಾಕೋಬನನ್ನೂ ಯೆರೂಸಲೇಮಿನಲ್ಲಿ ಖುದ್ದು ಕಂಡಿದ್ದ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಹೇಳ್ತಾನೆ. ಯಾಕೋಬ ಬರೀ ಬೈಬಲ್ ಪಾತ್ರ ಅಲ್ಲ, ಅವನ ಮರಣವನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕೂಡ ದಾಖಲಿಸಿದ್ದಾನೆ.

ಇಪ್ಪತ್ತೈದು ವರ್ಷ ಅಂದ್ರೆ ಎಷ್ಟು? ನಮ್ಮ ಆಫೀಸಿನ ಸೀನಿಯರ್‌ಗಳನ್ನು ವೈಟೂಕೆ ಬಗ್ಗೆ ಕೇಳಿ. 1999ರ ಡಿಸೆಂಬರ್ 31ರ ರಾತ್ರಿ ಯಾವ ಕ್ಲೈಂಟ್ ಕೆಲಸದಲ್ಲಿದ್ದರು, ಯಾರು ಚಹಾ ತಂದರು, ಎಲ್ಲಾ ಹೇಳ್ತಾರೆ. ಚಹಾ ತಂದವರ ಹೆಸರು ತಪ್ಪಬಹುದು, ಎಷ್ಟು ಗಂಟೆ ಅನ್ನೋದು ತಪ್ಪಬಹುದು. ಆದರೆ ಆ ರಾತ್ರಿ ಬ್ಯಾಂಕುಗಳೆಲ್ಲ ಕುಸಿದುಬಿದ್ದವು ಅಂತ ಇವತ್ತು ಯಾರಾದರೂ ಹೇಳಿದರೆ ಅವರು ನಕ್ಕುಬಿಡ್ತಾರೆ, ಯಾಕಂದ್ರೆ ಅವರು ಅಲ್ಲಿದ್ದರು. ಪೌಲ ಆ ಐನೂರು ಜನರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಬರೆದಿದ್ದಾನೆ. ಬೇಕಾದರೆ ಹೋಗಿ ಕೇಳಿ ಅಂದ ಹಾಗೆ.

ಇದು ಪುನರುತ್ಥಾನವನ್ನು ಸಾಬೀತು ಮಾಡ್ತದಾ? ಇಲ್ಲ. ದರ್ಶನ, ದುಃಖದ ಭ್ರಮೆ ಅಂತ ವಿವರಿಸೋರು ಇದ್ದಾರೆ, ಅವರ ಜೊತೆ ಮಾತಾಡಬೇಕು. ಆದರೆ ನೂರಾರು ವರ್ಷದ ಮೇಲೆ ಯಾರೋ ಕಟ್ಟಿದ ದಂತಕಥೆ ಅನ್ನೋ ವಾದ ಇಲ್ಲಿ ನಿಲ್ಲೋದಿಲ್ಲ. ನೋಡಿದೆವು ಅಂದವರ ಹೆಸರು ಇದೆ, ಊರು ಇದೆ, ಕಾಲ ಇದೆ. ಅಲ್ಲಿಂದ ಮುಂದಿನ ಹೆಜ್ಜೆ ನಂಬಿಕೆಯದು. ಆ ಹೆಜ್ಜೆ ನಾನು ಇಟ್ಟಿದ್ದೀನಿ, ಕಣ್ಣು ಮುಚ್ಚಿಕೊಂಡು ಇಟ್ಟಿದ್ದಲ್ಲ.

ಹಾಗಾಗಿ ಊಟದ ಹೊತ್ತಿಗೆ ಪ್ರಶ್ನೆ ಬಂದರೆ ಹೌದು, ನಾಲ್ಕು ಲಕ್ಷ ಇವೆ, ಇನ್ನೂ ಜಾಸ್ತಿನೇ ಇರಬಹುದು ಅಂತ ಶುರು ಮಾಡಿ. ದೊಡ್ಡ ಎರಡು ಯಾವುವು ಅಂತ ನೀವೇ ಮೊದಲು ಹೇಳಿ. ದಯವಿಟ್ಟು ನೋಹನ ನಾವೆ ಸಿಕ್ಕಿದೆ, ಕೆಂಪು ಸಮುದ್ರದಲ್ಲಿ ಫರೋಹನ ರಥದ ಚಕ್ರ ಸಿಕ್ಕಿದೆ ಅನ್ನೋ ವಿಡಿಯೋ ಕಳಿಸಬೇಡಿ. ನಿಮ್ಮ ಸಹೋದ್ಯೋಗಿ ಎರಡು ನಿಮಿಷದಲ್ಲಿ ಗೂಗಲ್ ಮಾಡ್ತಾರೆ. ಆಮೇಲೆ ನೀವು ಹೇಳೋ ನಿಜಾನೂ ಅವರ ಕಿವಿಗೆ ಇಳಿಯೋದಿಲ್ಲ, ನನ್ನ ತಮ್ಮನಿಗೆ ಆದ ಹಾಗೆ.

ಅವನ ವಿಷಯಕ್ಕೆ ಬಂದರೆ, ಹೋದ ವರ್ಷ ನಾನು ಅವನಿಗೆ ಫೋನ್ ಮಾಡಿ, 2013ರಲ್ಲಿ ನಾನು ಹೇಳಿದ್ದು ತಪ್ಪು, ಪರೀಕ್ಷೆ ಮಾಡದೆ ಹೇಳಿದೆ, ನಿನ್ನ ಮುಂದೆ ಸಮಜಾಯಿಷಿ ಕೊಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತೇನಣ್ಣಾ?" ಅಂದ. ಚರ್ಚಿಗೆ ಹೋಗ್ತಿಲ್ಲ, ಈಗಲೂ. ಆದರೆ ಭಾನುವಾರ ರಾತ್ರಿ ಒಂಬತ್ತಕ್ಕೆ ಇಬ್ಬರೂ ಫೋನಿನಲ್ಲಿ ಲೂಕನನ್ನು ಓದ್ತೀವಿ, ಅವನು ಪ್ರಶ್ನೆ ಬರೆದುಕೊಂಡು ಬರ್ತಾನೆ.

ಹೋದ ವಾರ ಎರಡನೇ ಅಧ್ಯಾಯಕ್ಕೆ ಬಂದೆವು. ಕುರೇನ್ಯನ ಕಾಲದ ಜನಗಣತಿ. ಆ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ನಡುವೆ ಸುಮಾರು ಒಂಬತ್ತು ವರ್ಷದ ಕಂದಕ. "ಇದಕ್ಕೇನಂತೀ ಅಣ್ಣಾ?" ಅಂದ. ಕೆಲವರು ಗ್ರೀಕ್ ಪದವನ್ನು 'ಕುರೇನ್ಯನಿಗಿಂತ ಮುಂಚೆ' ಅಂತ ಓದ್ತಾರೆ, ಕೆಲವರು ಲೂಕ ಕಾಲವನ್ನು ತಪ್ಪಾಗಿ ಹೇಳಿದ್ದಾನೆ ಅಂತಾರೆ, ನನಗೆ ಮೊದಲನೇ ವಾದ ಸ್ವಲ್ಪ ಎಳೆದಾಡಿದಂತೆ ಕಾಣ್ತದೆ ಅಂದೆ. ಅವನು ನಕ್ಕು, "ಬರಕೋತೀನಿ, ಇದು ಓಪನ್ ಇರ್ಲಿ" ಅಂದ. ಮುಂದಿನ ವಾರ ಮೂರನೇ ಅಧ್ಯಾಯ.